ನೀವು ಕಳಿಸದ ಶುಂಠಿ

ಆಸ್ಪತ್ರೆಯಿಂದ,
ಗುರುವಾರ ಮಧ್ಯಾಹ್ನ

ಇವರಿಗೆ,

ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಶುರು ಮಾಡುವ ಹಾಗಿಲ್ಲ, ಅದಕ್ಕೇ ನೇರವಾಗಿ ವಿಷಯಕ್ಕೆ ಬರುತ್ತೇನೆ. ಈ ಕಸ ಮಾರುವ ಮನೆಯಲ್ಲಿ ಇರಲಾರೆ ಎಂದು ನೀವು ಹೊರಟುಹೋಗಿ ನಾಲ್ಕು ವರ್ಷವಾಯಿತು. ಒಂದು ಸಾಲೂ ಬರೆಯದಿದ್ದ ನಾನು ಈಗ ಬರೆಯುತ್ತಿದ್ದೇನೆ ಎಂದರೆ ನೀವೇ ಊಹಿಸಿಕೊಳ್ಳಿ. ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಿ ಇವತ್ತಿಗೆ ಒಂಬತ್ತು ದಿನ. ಗಡ್ಡೆ ತೆಗೆಯುತ್ತೇವೆ ಎಂದು ಒಳಗೆ ಕರೆದುಕೊಂಡು ಹೋದವರು, ತೆರೆದು ನೋಡಿ, ಎಲ್ಲ ಕಡೆ ಹಬ್ಬಿಬಿಟ್ಟಿದೆ ಎಂದು ಹಾಗೇ ಹೊಲಿದು ಕಳಿಸಿದರು. ಒಂದು ತಿಂಗಳು, ಹೆಚ್ಚೆಂದರೆ ಎರಡು ಎಂದು ಡಾಕ್ಟರು ನನ್ನನ್ನು ವರಾಂಡದಲ್ಲಿ ನಿಲ್ಲಿಸಿ ಹೇಳಿದರು. ಅತ್ತೆಗೆ ಮಾತ್ರ ಗಡ್ಡೆ ತೆಗೆದಾಯಿತು ಎಂದಿದ್ದೇನೆ.

ನೋವಿಗಿಂತ ಅವರನ್ನು ಹಣ್ಣು ಮಾಡಿದ್ದು ವಾಕರಿಕೆ. ನೀರು ಕಂಡರೂ ಓಕರಿಸುತ್ತಿದ್ದರು. ಹೊಲಿಗೆ ಬಿಟ್ಟೀತೆಂದು ನಾನು ಹೊಟ್ಟೆಗೆ ದಿಂಬು ಒತ್ತಿ ಹಿಡಿಯುತ್ತಿದ್ದೆ. ಆಸ್ಪತ್ರೆಯ ಔಷಧಿಯಿಂದ ಅರ್ಧಕ್ಕರ್ಧ ಇಳಿಯಿತು, ಅಷ್ಟೇ. ತೆಳ್ಳಗಿನ ಶುಂಠಿ ನೀರು ಕೊಡಬಹುದೇ ಎಂದು ಡಾಕ್ಟರನ್ನು ಕೇಳಿದೆ, ಗುಟುಕು ಗುಟುಕಾಗಿ ಕೊಡಿ ಎಂದರು. ಆದರೆ ನಿಮ್ಮ ತಾಯಿಯ ಹಟ ಗೊತ್ತಲ್ಲ. ಮೂವತ್ತು ವರ್ಷ ನಾರುಬೇರಿನ ಅಂಗಡಿಯಲ್ಲಿ ಕೂತು ಊರಿಗೆಲ್ಲ ಶುಂಠಿ, ಸೋಂಪು, ಪುದೀನ ಕಟ್ಟಿಕೊಟ್ಟವರು, ತಮಗೆ ಬೇಡ ಎಂದು ಮುಖ ತಿರುಗಿಸಿಬಿಟ್ಟರು. ಮಾರುವಾಗ ಇದ್ದ ನಂಬಿಕೆ ಕುಡಿಯುವಾಗ ಎಲ್ಲಿ ಹೋಯಿತು ಎಂದು ಬೈದೆ. ಹೆತ್ತ ಮಗನೇ ಕಸ ಎಂದನಲ್ಲ, ಅವನ ಮಾತೇ ನಿಜ ಇರಬಹುದು ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಮೇಲಲ್ಲ, ನಿಮ್ಮ ಮೇಲೆ.

ಮರುದಿನ ಒಂದು ಕೆಲಸ ಮಾಡಿದೆ, ಸರಿಯೋ ತಪ್ಪೋ ಗೊತ್ತಿಲ್ಲ. ಅಂಗಡಿಯ ಡಬ್ಬಿಯಿಂದ ಒಣಶುಂಠಿ ತೆಗೆದು, ಪೊಟ್ಟಣ ಕಟ್ಟಿ, ನಿಮ್ಮ ಮಗ ಕಳಿಸಿದ್ದಾರೆ ಎಂದು ಅವರ ಕೈಗಿಟ್ಟೆ. ಪೊಟ್ಟಣವನ್ನು ಎರಡು ಸಲ ತಿರುವಿ ನೋಡಿದರು. ಆಮೇಲೆ ದಿಂಬಿಗೆ ಒರಗಿ ಕೂತು, ನುಣ್ಣಗೆ ಪುಡಿ ಮಾಡು, ನೀರು ಕುದಿ ಬಂದ ಮೇಲೆ ಹಾಕು, ಆತುರ ಪಡಬೇಡ ಎಂದು ನನಗೇ ಪಾಠ ಶುರು ಮಾಡಿದರು. ನಾಲ್ಕು ಚಮಚ ಹೊಟ್ಟೆಯಲ್ಲಿ ನಿಂತಿತು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿದೆ.

ಅಲ್ಲಿಂದ ದಿನಕ್ಕೊಂದು ಸುಳ್ಳು. ಪುದೀನ ಎಲೆಯನ್ನು ಕರವಸ್ತ್ರದಲ್ಲಿ ಕಿವುಚಿ ಮೂಗಿಗೆ ಹಿಡಿಯುವಾಗಲೂ ನೀವೇ ಹೇಳಿಕಳಿಸಿದ್ದೀರಿ ಎನ್ನುತ್ತೇನೆ. ಅರ್ಧ ಗಂಟೆ ತಡೆಯುತ್ತದೆ, ಮತ್ತೆ ಅದೇ ಪಾಡು. ಅದು ವಾಕರಿಕೆಗೆ ಮದ್ದು, ರೋಗಕ್ಕಲ್ಲ. ನಿನ್ನೆಯಿಂದ ಆ ಅರ್ಧ ಗಂಟೆಯೂ ಸಿಗುತ್ತಿಲ್ಲ.

ನನಗಾಗಿ ನಿಮ್ಮನ್ನು ಕರೆಯುತ್ತಿಲ್ಲ, ಆ ಆಸೆ ಬಿಟ್ಟು ಬಹಳ ದಿನವಾಯಿತು. ಒಂದು ಸಲ ಬಂದು ಮಂಚದ ಪಕ್ಕ ಕೂತು ಹೋಗಿ. ಕ್ಷಮೆಗಿಮೆ ಕೇಳುವುದು ಬೇಡ. ಶುಂಠಿ ಕಳಿಸಿದ್ದು ನಾನೇ ಅಮ್ಮ ಎಂದರೆ ಸಾಕು.

ಇಂತಿ,
ಇನ್ನೂ ನಿಮ್ಮ ಮನೆಯಲ್ಲೇ ಇರುವವಳು

ಮತ್ತೆ ಬರೆದದ್ದು: ಲಕೋಟೆ ಅಂಟಿಸುವಾಗ, ಯಾರಿಗೆ ಕಾಗದ ಎಂದು ಅತ್ತೆ ಕೇಳಿದರು. ಮತ್ತೊಂದು ಸುಳ್ಳು ಬಾಯಿಗೆ ಬರಲಿಲ್ಲ, ನಿಮಗೇ ಎಂದುಬಿಟ್ಟೆ. ಅವರಿಗೆ ಮೊದಲ ದಿನವೇ ಎಲ್ಲ ಗೊತ್ತಾಗಿತ್ತಂತೆ. ಪೊಟ್ಟಣದ ದಾರಕ್ಕೆ ನಾನು ಹಾಕಿದ್ದು ಅಂಗಡಿಯಲ್ಲಿ ಅವರೇ ಕಲಿಸಿದ ಗಂಟು, ನೀವು ಎಂದೂ ಕಲಿಯದೇ ಹೋದದ್ದು. ನನ್ನ ಮನಸ್ಸು ನೋಯಬಾರದೆಂದು ಕುಡಿದರಂತೆ. ಗಡ್ಡೆ ಒಳಗೇ ಇದೆ ಎಂಬುದೂ ಗೊತ್ತಂತೆ. ಅವನು ಬರುವುದು ಬೇಡ, ಬಂದು ಮತ್ತೆ ಎದ್ದು ಹೋದರೆ ನೋಡುವ ಶಕ್ತಿ ನನಗಿಲ್ಲ, ಹಾಗಂತ ಬರಿ ಎಂದರು. ಬರೆದಿದ್ದೇನೆ. ನಾನು ಲೋಟ ತೊಳೆದು ಬರುವಷ್ಟರಲ್ಲಿ, ನೀವಿರುವ ಊರಿನ ಬಸ್ಸು ಇಲ್ಲಿಗೆ ಎಷ್ಟು ಗಂಟೆಗೆ ಬರುತ್ತದೆ ಎಂದು ನರ್ಸಮ್ಮನನ್ನು ವಿಚಾರಿಸುತ್ತಿದ್ದರು.