ಅರ್ಧ ಮಾತ್ರೆ

ಶಿಕಾರಿಪುರ, ೧೪ ನವೆಂಬರ್ ೧೯೯೮, ಶನಿವಾರ

...ಗಡ್ಡೆಯೊಳಗೆ ನೀರು ಹೇಗೆ ಸರಿದಾಡುತ್ತದೆಂದು ಎಂಆರ್‌ಐ ಚಿತ್ರದಲ್ಲೇ ನೋಡಿ, ಅದು ಯಾವ ಬಗೆಯ ಕ್ಯಾನ್ಸರ್ ಎಂದು ಊಹಿಸುವ ಕಾಲ ಬರಬಹುದು ಎಂದೇನೋ ಹೋದ ವರ್ಷ ಅಂದಿದ್ದರು ಬೆಂಗಳೂರಿನ ಡಾಕ್ಟರು. ಸದ್ಯಕ್ಕೆ ತುಣುಕು ತೆಗೆದು ಪರೀಕ್ಷೆ ಮಾಡಲೇಬೇಕು. ನನ್ನ ಹೆಂಡತಿ ರಾಜೇಶ್ವರಿಯದು ಹಾರ್ಮೋನಿನಿಂದ ಬೆಳೆಯುವ ಬಗೆ, ಅದಕ್ಕೇ ಆಪರೇಷನ್ ಆದಮೇಲೆ ಈ ಮಾತ್ರೆ. ಬೇರೆ ಬಗೆಯದಕ್ಕೆ ಇದು ನಾಟುವುದಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ನಿಂತು ಇಷ್ಟನ್ನೂ ಇಂಗ್ಲಿಷಿನಲ್ಲಿ ಕೇಳಿಸಿಕೊಂಡ ನಾನು, ಒಳಗೆ ಬಂದು ಅವಳಿಗೆ ಹೇಳಿದ್ದು ಒಂದೇ ಮಾತು: ದಿನಕ್ಕೊಂದು ಮಾತ್ರೆ ತಗೋ, ಗಂಟಿಗೆ ಇದೇ ಮದ್ದು.

ಇವತ್ತು ಕಾಲೇಜಿನಿಂದ ಬೇಗ ಬಂದೆ. ಅವಳು ಅಡಕೊತ್ತಿನಲ್ಲಿ ಆ ಮಾತ್ರೆಯನ್ನು ಎರಡು ಹೋಳು ಮಾಡುತ್ತಿದ್ದಳು.

"ಅರ್ಧ ನಂಗೆ, ಅರ್ಧ ಹುಲಿಯಮ್ಮಗೆ," ಅಂದಳು. ಹುಲಿಯಮ್ಮ ಕುಪ್ಪಗಡ್ಡೆಯಲ್ಲಿ ಅವಳ ತವರಿನ ನೆರೆಯವಳು. "ಆಕಿ ಎದಿಯಾಗೂ ಗಂಟು ಐತ್ರೀ. ಸೊರಬದ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತೀನಿ."

"ಎಂದಿನಿಂದ?"

"ಯುಗಾದಿಯಿಂದ. ಒಂದೇ ಥರದ ಗಂಟು, ಒಂದೇ ಮಾತ್ರೆ. ಇದಕ್ಕೂ ಪಾಠ ಮಾಡಬ್ಯಾಡ್ರೀ, ಮೇಷ್ಟ್ರೇ."

ಅಲ್ಲೇ ನೆಲದ ಮೇಲೆ ಕೂತೆ. ಹೋಳುಗಳು ಸರಿಸಮವಾಗಿದ್ದವು. ಏಳು ತಿಂಗಳಿಂದ ಇವಳಿಗೂ ಅರ್ಧವೇ.

ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಒಂದು ವರ್ಷ ತಡವಾಗಿ.

"ಆಕಿ ದವಾಖಾನೆಗೆ ಹೊಂಟಿದ್ಲು," ಅಂದಳು. "ನಾನೇ ಬ್ಯಾಡ ಅಂದೆ, ನನ್ನ ಮಾತ್ರೆ ಐತಲ್ಲ ಅಂತ."

ಊಟಕ್ಕೆ ಇಬ್ಬರೂ ಏಳಲಿಲ್ಲ. ನಾಳೆ ಮೊದಲ ಬಸ್ಸಿಗೆ ಕುಪ್ಪಗಡ್ಡೆಗೆ ಹೊರಡಬೇಕು. ಹುಲಿಯಮ್ಮ, ಈ ಏಳು ತಿಂಗಳಲ್ಲಿ ಆ ಗಂಟು ಎಷ್ಟು ಬೆಳೆದಿದೆ?