ಎಡಗಡೆಯ ವಡೆ

ಹಿಂದೂಪುರ
೧೪-೨-೧೯೮೮

ಪ್ರೀತಿಯ ಕೊಂಡಮ್ಮಕ್ಕನಿಗೆ ತಂಗಿ ಕದಿರಮ್ಮನ ನಮಸ್ಕಾರ.

ಕಾಗದ ತಡವಾಯಿತು, ಬೈದುಕೋ. ಸಿಟ್ಟಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆಂದು ಕಾದೆ. ಸಿಟ್ಟು ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ಲಕ್ವ ಹೊಡೆದ ಮೇಲೆ ನಮ್ಮ ಯಜಮಾನರಿಗೆ ಎಡಗಡೆ ಅನ್ನುವುದೇ ಇಲ್ಲ. ತಟ್ಟೆಯ ಬಲಭಾಗದ್ದಷ್ಟೇ ತಿಂದು "ಇಷ್ಟೇನಾ?" ಎನ್ನುತ್ತಾರೆ. ಅರ್ಧ ಗಡ್ಡ ಬೋಳಿಸಿ ಕನ್ನಡಿಯೆದುರು ಮೀಸೆ ತಿರುವುತ್ತಾರೆ. "ಕಣ್ಣು ಸರಿಯಾಗಿದೆ, ಮೆದುಳು ಆ ಕಡೆ ಗಮನ ಕೊಡುತ್ತಿಲ್ಲ. ಇದಕ್ಕೆ ಮಾತ್ರೆಯಿಲ್ಲಮ್ಮ, ಮನೆಯಲ್ಲೇ ಅಭ್ಯಾಸ ಮಾಡಿಸಿ" ಎಂದರು ಡಾಕ್ಟರು.

ಸರಿ, ಮನೆಯೇ ಶಾಲೆಯಾಯಿತು. ರೇಡಿಯೋ ಎಡಕ್ಕೆ, ಕಾಫಿ ಎಡಕ್ಕೆ. ಪಾಠ ಪ್ರಾಸದಲ್ಲಿ: "ಎಡಕ್ಕೆ ತಿರುಗಿದರೆ ವಡೆ, ತಿರುಗದಿದ್ದರೆ ಖಾಲಿ ಎಡೆ!" ಅಳಿಗುಳಿಮಣೆಯಲ್ಲಿ ಮೊದಮೊದಲು ಎಡಗಡೆಯ ಗುಳಿಗಳನ್ನು ಮುಟ್ಟುತ್ತಲೇ ಇರಲಿಲ್ಲ. ನಾನು ಕರುಣೆಯಿಲ್ಲದೆ ಗೆದ್ದೆ. ಸೋಲು ತಡೆಯಲಾರದೆ ಈಗ ಮಣೆ ತಡವಿಕೊಂಡು ಕೊನೆಯ ಗುಳಿಯವರೆಗೂ ಹೋಗುತ್ತಾರೆ. ಮೊನ್ನೆ ನನ್ನ ಹುಣಸೆಬೀಜಗಳನ್ನೂ ಕದ್ದರು. ಬುದ್ಧಿಗೆ ಇನ್ನೇನು ಸಾಕ್ಷಿ ಬೇಕು?

ನಿನ್ನ ಮಗನ ಮದುವೆಗೆ ಕರೆಯಲು ಬಂದ ಬಾವ ಸರಿಯಾಗಿ ಇವರ ಎಡಕ್ಕೇ ಕೂತರು. ಮಾತಾಡಿಸಿದರು. ಇವರು ಗೋಡೆ ನೋಡುತ್ತಿದ್ದರು. ಬಾವ ನನ್ನ ಕಡೆ ತಿರುಗಿ, "ಪಾಪಂ, ಬುದ್ಧೀನೇ ಹೋಗ್ಬುಟ್ಟೈತೆ ಕಣಮ್ಮ. ಮದ್ವೆಗೆ ನೀನೊಬ್ಳೇ ಬಾ. ಬೀಗರ ಮುಂದೆ ಹಿಂಗೆ ಅರ್ಧ ಗಡ್ಡ ಬಿಟ್ಕಂಡು ಕುಂತ್ರೆ ನಮ್ಮ ಮಾನ ಏನಾಯ್ತದೆ?" ಎಂದರು.

"ಬಾವ, ಸ್ವಲ್ಪ ಬಲಕ್ಕೆ ಬನ್ನಿ" ಎಂದೆ. ಬಂದರು.

"ಏನ್ ಸಂಜೀವಪ್ಪಣ್ಣಾ, ಯಾವಾಗ್ ಬಂದೆ?" ಎಂದರು ಇವರು. "ಆಗ್ಲಿಂದ ಯಾವನೋ ನನ್ನ ಬುದ್ಧಿ ಹೋಯ್ತು ಅಂತ ಒದರ್ತಾವ್ನೆ. ನೀನಲ್ಲ ತಾನೇ?"

ನಾನು ಕೊಟ್ಟ ಕಾಫಿಯನ್ನೂ ಮುಟ್ಟದೆ ಬಾವ ಎದ್ದರು. ಬಾಗಿಲಲ್ಲಿ ನಿಂತು, "ಆದ್ರೂ ಬ್ಯಾಡ ಕಣಮ್ಮ" ಎಂದೇ ಹೋದರು.

ಅಕ್ಕಾ, ಮದುವೆಗೆಂದು ಕಲ್ಯಾಣದುರ್ಗಕ್ಕೆ ಬಂದರೆ ಇಬ್ಬರೂ ಬರುತ್ತೇವೆ. ಮುಂದಿನ ಸಾಲಿನಲ್ಲೇ ಕೂರುತ್ತೇವೆ. ಬೀಗರು ಕೇಳಿದರೆ ಉತ್ತರ ನಾನೇ ಕೊಡುತ್ತೇನೆ. ಅಷ್ಟಕ್ಕೇ ಹೋಗಿಬಿಡುವ ಮಾನವನ್ನು ಬಾವ ಅಂದು ಮನೆಯಲ್ಲಿಟ್ಟು ಬೀಗ ಹಾಕಿಕೊಂಡು ಬರಲಿ.

ಮದುಮಗನಿಗೆ ನಮ್ಮಿಬ್ಬರ ಆಶೀರ್ವಾದ.

ನಿನ್ನ ತಂಗಿ,
ಕದಿರಮ್ಮ

ಮರೆತಿದ್ದೆ: ಅಕ್ಷತೆ ಹಾಕಲು ದಂಪತಿಗಳನ್ನು ಕರೆದಾಗ, ಹೆಂಡತಿ ಎಡಕ್ಕೆ ನಿಲ್ಲಬೇಕು ಎನ್ನುತ್ತಾರೆ ಐನೋರು. ನನ್ನನ್ನು ಬಲಕ್ಕೇ ನಿಲ್ಲಿಸು, ಯಾರು ಏನಂದರೂ ಸರಿ. ಕಳೆದ ವಾರ ಇವರ ಎಡಗಡೆ ಕೂತು ಕೈ ಹಿಡಿದುಕೊಂಡಿದ್ದೆ. ಇವರು ಬಾಗಿಲ ಕಡೆ ನೋಡುತ್ತಾ, "ಕದ್ರೀ, ಎಲ್ಲಿಗ್ ಹೋದ್ಯೇ? ನನ್ನ ಒಬ್ನೇ ಬಿಟ್ಟು ಹೋಗ್ಬ್ಯಾಡ ಕಣೇ" ಎಂದು ಕೂಗುತ್ತಲೇ ಇದ್ದರು.