ಆರೂ ಬ್ಲೇಡ್ ಕಾಣುವ ತನಕ

ಮಾರ್ಚ್ 3, ಬೆಳಿಗ್ಗೆ 5.40

ಮೂರನೇ ಪಾರ್ಕಿಂಗ್ ಬೇ. ಮೊದಲ ವಿಮಾನ ಲೇಟ್. ಸಿಗ್ನಲ್ ಕೋಲು ಹಿಡಿದು ನಿಂತು ಕಾಲು ಮರಗಟ್ಟಿತು. ಟೀ ಆರಿತು. ಭಾವ ಎಂದಿನಂತೆ ಲೋಡರ್‌ಗಳ ತಲೆ ತಿನ್ನುತ್ತಿದ್ದಾರೆ.

"ತಿರುಗೋ ಪ್ರೊಪೆಲ್ಲರ್ ಕಣ್ಣಿಗೆ ಕಾಣಲ್ಲ ಕಣ್ರೋ. ಆರೂ ಬ್ಲೇಡ್ ಎಣಿಸಿ, ಆಮೇಲೆ ಕೆಂಪು ಗೆರೆ ದಾಟಿ."

ಹನ್ನೊಂದು ವರ್ಷದ ಹಿಂದೆ ನನಗೂ ಇದನ್ನೇ ಕಲಿಸಿದ್ದು. ಕೆಲಸ ಕೊಡಿಸಿದವರೂ ಅವರೇ. ಅಕ್ಕನ ಗಂಡ ಅನ್ನುವುದಕ್ಕಿಂತ ಗುರು ಅನ್ನಬೇಕು. ಎದುರಿಗೆ ಹೇಳಿದರೆ ತಲೆ ಮೇಲೆ ಕೂರುತ್ತಾರೆ.

ಮಾರ್ಚ್ 9, ಮಧ್ಯಾಹ್ನ 1.15

ಈಗಲೇ ಬರೆದುಬಿಡುತ್ತೇನೆ.

ವಿಮಾನ ಬಂದು ನಿಂತಿತ್ತು. ಪ್ರೊಪೆಲ್ಲರ್‌ಗಳು ತಿರುಗುತ್ತಲೇ ಇದ್ದವು. ಅಷ್ಟರಲ್ಲಿ ಪಕ್ಕದ ಬೇಯಲ್ಲಿ ಇನ್ನೊಂದು ವಿಮಾನದ ಎಂಜಿನ್ ಆಫ್ ಆಯಿತು. ಭಾವ ಇಯರ್‌ಮಫ್‌ನ ಒಂದು ಬದಿ ಎತ್ತಿ ಕೇಳಿಸಿಕೊಂಡರು. ಸದ್ದು ಇಳಿಯಿತು... ನಮ್ಮದೇ ಅಂದುಕೊಂಡರು. ಗೆರೆ ದಾಟಿ ನಡೆದೇ ಬಿಟ್ಟರು. ತಲೆ ತಗ್ಗಿಸಿ, ಚಕ್ರಕ್ಕೆ ಅಡ್ಡ ಇಡುವ ದಿಮ್ಮಿ ಹಿಡಿದು.

ಕೂಗಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳುತ್ತದೆ? ಪೈಲಟ್‌ಗೆ ಕತ್ತು ಸವರಿ ತೋರಿಸಿದೆ — ಎಂಜಿನ್ ಆಫ್. ಆಫ್ ಮಾಡಿದರೂ ಬ್ಲೇಡ್ ತಕ್ಷಣ ನಿಲ್ಲುವುದಿಲ್ಲ. ಕೋಲು ಎಸೆದೆ. ಬೆನ್ನಿಗೆ ಬಿತ್ತು. ಭಾವ ತಿರುಗಿ ಕಣ್ಣು ಕೆಂಪು ಮಾಡಿದರು. ಆಮೇಲೆ ಮುಂದೆ ನೋಡಿದರು. ತಿರುಗುವ ಬ್ಲೇಡ್ ಎರಡು ಮಾರು ದೂರ, ಅಷ್ಟೇ.

ಶೆಡ್‌ನಲ್ಲಿ ನೀರು ಕುಡಿದು ಅಂದರು, "ನಿಮ್ಮಕ್ಕ ಕೂಡ ಇಷ್ಟು ಜೋರಾಗಿ ಹೊಡೆದಿಲ್ಲ ನಂಗೆ." ಯಾರೂ ನಗಲಿಲ್ಲ. ಆಮೇಲೆ ಮೆಲ್ಲಗೆ, "ರಿಪೋರ್ಟ್ ಬರೀಬೇಡ ಕಣೇ. ರಿಟೈರ್ ಆಗೋಕೆ ಇನ್ನೆರಡೇ ವರ್ಷ."

ಮಾರ್ಚ್ 10

ರಿಪೋರ್ಟ್ ಬರೆಯಲಿಲ್ಲ. ಮ್ಯಾನೇಜರ್‌ಗೂ ಅದೇ ಬೇಕು. "ಯಾರ್ಗೂ ಏನೂ ಆಗಿಲ್ವಲ್ಲ, ಬಿಡಿ."

ಸಂಜೆ ಭಾವನನ್ನು ಎಡಗಡೆಯಿಂದ ಕರೆದೆ. ಬಲಕ್ಕೆ ತಿರುಗಿದರು. ಬೇಕೆಂದೇ ಮತ್ತೆ ಕರೆದೆ. ಮತ್ತೆ ಬಲಕ್ಕೆ.

"ಎಡಗಿವಿ ಕೇಳಲ್ವಾ?"

"ವರ್ಷ ಆಯ್ತು. ನಿಮ್ಮಕ್ಕಂಗೆ ಹೇಳ್ಬೇಡ."

ಸದ್ದು ಯಾವ ಕಡೆಯದು ಎಂದೇ ತಿಳಿಯುವುದಿಲ್ಲ ಅವರಿಗೆ. ಒಂದು ವರ್ಷದಿಂದ! ನಮಗೆಲ್ಲ ಎಣಿಸಿ ಎಣಿಸಿ ಅನ್ನುತ್ತ, ತಾವು ಮಾತ್ರ ಕಿವಿ ನಂಬಿಕೊಂಡು.

ಮಾರ್ಚ್ 11

ಬರೆದೆ. ಎರಡು ಪುಟ. ಮೊದಲು ನನ್ನ ತಪ್ಪು: ಭಾವ ಅಲ್ಲವೇ ಎಂದು ಅವರತ್ತ ಕಣ್ಣೇ ಇಟ್ಟಿರಲಿಲ್ಲ. ಕೋಲು ಗುರಿ ತಪ್ಪಿದ್ದರೆ ಪ್ರೊಪೆಲ್ಲರ್‌ಗೆ ಬಡಿದು ಇನ್ಯಾರದೋ ತಲೆ ಒಡೆಯುತ್ತಿತ್ತು, ಅದೂ ಬರೆದೆ. ಕೊನೆಗೆ ಅವರ ಕಿವಿ. ಅಕ್ಕನ ಮುಖ ನೆನಪಾಯಿತು. ಆದರೂ ಸಹಿ ಹಾಕಿದೆ.

ಮಾರ್ಚ್ 14

ಭಾವನನ್ನು ಲಗೇಜ್ ರೂಮಿಗೆ ಹಾಕಿದರು. ಅಕ್ಕನ ಫೋನ್. "ಕೆಲಸ ಕೊಡ್ಸಿದೋರ ಹೊಟ್ಟೆ ಮೇಲೇ ಹೊಡೆದೆಯಲ್ಲೇ." ಇಟ್ಟುಬಿಟ್ಟಳು. ಆ ಎರಡು ಮಾರಿನ ಕಥೆ ಹೇಳಬೇಕೆಂದಿದ್ದೆ. ಅತ್ತುಬಿಟ್ಟೆ.

ಏಪ್ರಿಲ್ 2

ನಮ್ಮ ತಂಡಕ್ಕೆ ನಾನೇ ನಿಯಮ ಹಾಕಿದ್ದೇನೆ. ಆರೂ ಬ್ಲೇಡ್ ಕಾಣುವ ತನಕ ನನ್ನ ಹೆಬ್ಬೆರಳು ಏಳುವುದಿಲ್ಲ. ಅದು ಏಳುವ ತನಕ ಯಾರೂ ಗೆರೆ ದಾಟುವುದಿಲ್ಲ. ಕಿವಿಗೆ ಇಲ್ಲಿ ಕೆಲಸವಿಲ್ಲ. ಪ್ರತಿ ವಿಮಾನಕ್ಕೂ ಎರಡು ನಿಮಿಷ ಹೆಚ್ಚು. ಮ್ಯಾನೇಜರ್ ವಾಚು ತಟ್ಟಿ ತೋರಿಸಿದರು. ನಾನು ಗೆರೆ ತೋರಿಸಿದೆ.

ಏಪ್ರಿಲ್ 19, 11.50

ಭಾವ ವಾಪಸ್! ಕಿವಿಗೆ ಮಷೀನ್. ಡಾಕ್ಟರ್ ಒಪ್ಪಿದ್ದು ಒಂದೇ ಷರತ್ತಿಗೆ, ಸಿಗ್ನಲ್ ಕೊಡುವ ನನ್ನ ಕೈ ಕಾಣುವಲ್ಲೇ ಭಾವ ನಿಲ್ಲಬೇಕು.

ಮೊದಲ ವಿಮಾನ. ಪಕ್ಕದ ಬೇಯಲ್ಲಿ ಎಂಜಿನ್ ಸದ್ದು ಇಳಿಯಿತು. ಭಾವನ ಕೈ ಮಫ್‌ನತ್ತ ಹೋಯಿತು. ಆ ಕೈ ಹಾಗೇ ಕೆಳಗಿಳಿಯಿತು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದರು. ಆರು ಮುಗಿದ ಮೇಲೂ ಕದಲಲಿಲ್ಲ. ನನ್ನ ಹೆಬ್ಬೆರಳನ್ನೇ ನೋಡುತ್ತ ನಿಂತರು.

ಈಗ ಶೆಡ್‌ನಲ್ಲಿದ್ದೇನೆ. ಭಾವ ಎರಡು ಊಟದ ಡಬ್ಬಿ ತಂದಿದ್ದಾರೆ. "ಇದು ನಿಂದಂತೆ." ಅಕ್ಕ ಕಟ್ಟಿದ ಬಟ್ಟೆಯ ಗಂಟು, ಬಿಚ್ಚಲು ಬರುತ್ತಿಲ್ಲ, ಅಷ್ಟು ಬಿಗಿ. ಬಿಚ್ಚುತ್ತ ಕೂರೋಣವೆಂದರೆ ಮುಂದಿನ ವಿಮಾನ ಇಳಿದೇ ಬಿಟ್ಟಿತು. ಕೋಲೆಲ್ಲಿ... ಭಾವ ಆಗಲೇ ಗೆರೆಯ ಈಚೆ ನಿಂತು ಕಾಯುತ್ತಿದ್ದಾರೆ—